ದನಗಳ ಸ್ವಭಾವವೂ ನಮ್ಮ ಕೈಯೂ
(ಶೆಟ್ಟಿಹಳ್ಳಿಯಲ್ಲಿ ಮಾಡಿದ ಭಾಷಣ)



ಕಚೇರಿಯಲ್ಲಿ ವಾದಿಸುವ ವಕೀಲನು ದನಗಳ ವಿಷಯವನ್ನೆತ್ತಿಕೊಂಡುದಕ್ಕೆ ತಮ್ಮಲ್ಲಿ ಕೆಲವರು ನಗಬಹುದು. ಆದರೆ ನಮ್ಮ ಕಕ್ಷಿಗಾರರಲ್ಲಿ ಬಾಯಿಲ್ಲದವರ ಪರವಾಗಿಯೂ ಯಾರಾದರೂ ಒಬ್ಬರು ನಿಲ್ಲಬೇಕಷ್ಟೆ.

ಈ ನಾಡಿನಲ್ಲಿ ಗೋಪಾಲನೆಯು ಇಂದು ನೆನ್ನೆಯದಲ್ಲ. ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಬೂದಿದಿಬ್ಬಗಳೆಂದು ಕರೆಯುವ ಗುಡ್ಡೆಗಳುಂಟು. ಅವು ನಾಲ್ಕೈದು ಸಾವಿರ ವರ್ಷಗಳ ಹಿಂದಿನ ದನದ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿಯು ಸುಟ್ಟು ಆದುವೆಂದು ಅಗೆದು ನೋಡಿದ ವಿದ್ವಾಂಸರು ನಿರ್ಧರಿಸಿದ್ದಾರೆ. ಇಷ್ಟು ದೀರ್ಘಕಾಲದ ಒಡನಾಟವಿದ್ದರೂ ಎತ್ತು ನಿಂತಲ್ಲಿಯೇ ನಿಂತರೆ ನಾವು ಅದನ್ನು ಮೊಂಡು ಎನ್ನುತ್ತೇವೆ, ಕೋಲನ್ನೆತ್ತುತ್ತೇವೆ.

ಎತ್ತಿನ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ಆದುದರಿಂದ ಕತ್ತನ್ನು ತಿರುಗಿಸದೆಯೇ ಅದು ಸುತ್ತಲನ್ನು ಬಹುಮಟ್ಟಿಗೆ ಕಾಣುತ್ತದೆ. ನೇರ ಬೆನ್ನ ಹಿಂದೆ ಮಾತ್ರ ಕಾಣದು. ಅಲ್ಲಿಂದ ಸದ್ದಿಲ್ಲದೆ ಹೋದವನು ಒದೆ ತಿಂದರೆ ಅಪರಾಧವು ಯಾರದು? ಆಳವನ್ನು ಅಳೆಯುವ ದೃಷ್ಟಿಯಾದರೋ ಅದಕ್ಕೆ ಮುಂದುಗಡೆ ಕಿರಿದಾದೊಂದು ಭಾಗದಲ್ಲಿ ಮಾತ್ರವೇ ಉಂಟು. ದಾರಿಗಡ್ಡಲಾಗಿ ಬಿದ್ದ ಮರದ ನೆರಳು ಅದಕ್ಕೆ ಹಳ್ಳವಾಗಿ ತೋರಬಹುದು. ತಲೆಯನ್ನು ತಗ್ಗಿಸಿ ನೋಡಲು ಕ್ಷಣಕಾಲ ಬಿಟ್ಟರೆ ತಾನೇ ದಾಟುತ್ತದೆ. ಅದರ ಭುಜದಿಂದ ಹಿಂದಕ್ಕೆ ನಿಂತು ಸಮೀಪಿಸಿದರೆ ಮುಂದಕ್ಕೆ ನಡೆಯುತ್ತದೆ. ಭುಜದಿಂದ ಮುಂದೆ ನಿಂತರೆ ಹಿಂಜರಿಯುತ್ತದೆ. ಇದನ್ನು ಪಾಶ್ಚಾತ್ಯ ಪಂಡಿತರು ಶಾಸ್ತ್ರವಾಗಿ ಬರೆದಿದ್ದಾರೆ. ನಮ್ಮ ದನಕಾಯುವ ಹುಡುಗರಿಗೆ ಅದು ಕಾಲಿಗೇ ತಿಳಿದಿದೆ. ಒಂಟಿಯಾಗಿ ಕಟ್ಟಿಹಾಕಿದ ದನವು ಹೆದರಿ ಹೆಣಗಾಡುತ್ತದೆ. ಪಕ್ಕದಲ್ಲೊಂದು ಜೊತೆಯಿದ್ದರೆ ಶಾಂತವಾಗುತ್ತದೆ. ಹೊಸ ಹೋರಿಯನ್ನು ಪಳಗಿದ ಎತ್ತಿನ ಜೊತೆಗೆ ನೊಗಕ್ಕೆ ಹೂಡುವ ಹಿರಿಯರ ಪದ್ಧತಿಯ ಮರ್ಮವು ಇದೇ ಆಗಿದೆ.

ಅಮೃತಮಹಲ್ ತಳಿಯನ್ನೇ ನೋಡಿ. ಚಿಕ್ಕದೇವರಾಜ ಒಡೆಯರು (1673-1704) ‘ಬೆಣ್ಣೆ ಚಾವಡಿ’ಯೆಂಬ ಇಲಾಖೆಯನ್ನು ಏರ್ಪಡಿಸಿ ಕಾವಲುಗಳನ್ನು ಬಿಡಿಸಿದರು, ಅದಕ್ಕೆ ಅಮೃತಮಹಲ್ ಎಂಬ ಹೆಸರನ್ನಿಟ್ಟವನು ಟಿಪ್ಪುಸುಲ್ತಾನ. ಹೈದರನ ಫಿರಂಗಿಗಳನ್ನು ಎಳೆದು, ಶತ್ರುವು ಎಣಿಸುವುದಕ್ಕೆ ಮುಂಚೆಯೇ ಅವನೆದುರಿಗೆ ತಂದು ನಿಲ್ಲಿಸಿದುವು ಈ ಎತ್ತುಗಳೇ. 1860ರಲ್ಲಿ ಆಂಗ್ಲ ಅಧಿಕಾರಿಗಳು ಖರ್ಚು ಹೆಚ್ಚೆಂದು ಹಿಂಡನ್ನು ಮಾರಿಹಾಕಿದರು. ಅದರ ಬೆಲೆ ತಿಳಿದದ್ದು ಕಳೆದುಕೊಂಡ ಮೇಲೆ. 1866ರಲ್ಲಿ ಮರಳಿ ಕಟ್ಟಬೇಕಾಯಿತು. ಇಂದಿಗೂ ಅಜ್ಜಂಪುರದಲ್ಲಿ ಅದರ ಸಂವರ್ಧನ ಕೇಂದ್ರವಿದೆ.

ಈ ತಳಿಯು ಮಹಾ ಕೋಪಿಷ್ಠವೆಂದು ಪ್ರಸಿದ್ಧಿ. ದೊಡ್ಡಿಗೆ ಅಟ್ಟಿ, ಕುಣಿಕೆ ಹಾಕಿ, ಗಟ್ಟಿ ಕಂಬಗಳಿಗೆ ಬಹುದಿನ ಕಟ್ಟಿ ಅದನ್ನು ಪಳಗಿಸುತ್ತಿದ್ದರು. ಆದರೆ ಇದು ಹುಟ್ಟಿದುದು ನಮ್ಮ ಹಳ್ಳಿಕಾರ್ ಮೊದಲಾದ ನಾಡತಳಿಗಳಿಂದಲೇ. ಅದೇ ಹಳ್ಳಿಕಾರ್ ಕರುವು ನಮ್ಮ ಕೊಟ್ಟಿಗೆಯಲ್ಲಿ ಮಕ್ಕಳ ಕೈಯಿಂದ ಹುಲ್ಲು ತಿನ್ನುತ್ತದೆ. ವ್ಯತ್ಯಾಸವು ಬಹುಪಾಲು ರಕ್ತದ್ದಲ್ಲ, ಬೆಳೆದ ಬಗೆಯದು. ಕಾವಲಿನಲ್ಲಿ ಮನುಷ್ಯನ ಮುಖವನ್ನೇ ಅಷ್ಟಾಗಿ ಕಾಣದೆ ಬೆಳೆದ ಹೋರಿಗೆ ಮನುಷ್ಯನೆಂದರೆ ಭಯ. ಆ ಭಯವನ್ನೇ ನಾವು ಕೋಪವೆಂದು ಕರೆದೆವು.

ಬೂಕನಬೆಟ್ಟದ ದನಗಳ ಜಾತ್ರೆಗೆ ತಾವೆಲ್ಲರೂ ಹೋಗಿ ಬಂದವರೇ. ಹಲ್ಲನ್ನು ಎಣಿಸುತ್ತೇವೆ, ಸುಳಿ ನೋಡುತ್ತೇವೆ, ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತೇವೆ. ಇದನ್ನು ಸಾಕಿದವನು ಹೇಗೆ ಸಾಕಿದನು, ಹೊಡೆದನೋ ನೇವರಿಸಿದನೋ ಎಂದು ಕೇಳುವವರು ಎಷ್ಟು ಮಂದಿ? ಬಾಲದ ಸುಳಿಗಿಂತಲೂ ಆ ಪ್ರಶ್ನೆಯೇ ಹೆಚ್ಚು ಉಪಯೋಗದ್ದೆಂದು ನನ್ನ ಮತ. ಸುಳಿಶಾಸ್ತ್ರಜ್ಞರು ಕ್ಷಮಿಸಬೇಕು.

ಕಾಯಿದೆಯ ವಿಚಾರವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಮುಳ್ಳುಗೋಲನ್ನು ಉಪಯೋಗಿಸಕೂಡದೆಂದೂ, ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಕೂಡದೆಂದೂ 1965ರ ನಿಯಮಗಳು ವಿಧಿಸಿವೆ. ಹಿಂಸೆಯ ಮೊದಲ ತಪ್ಪಿಗೆ 1960ರ ಕಾಯಿದೆಯು ಬರೆದಿಟ್ಟ ದಂಡವು ಹತ್ತರಿಂದ ಐವತ್ತು ರೂಪಾಯಿ! ಇಷ್ಟರ ಭಯದಿಂದ ಯಾರ ಕೈಯೂ ತಡೆಯದು.

ಕೋಲಿಗಿಂತ ದೊಡ್ಡ ಹಿಂಸೆ ಇನ್ನೊಂದುಂಟು. ಹಿಂಡಿನಲ್ಲಿ ಬಾಳುವ ಪ್ರಾಣಿಗೆ ತಿರುಗಾಡಲು ನೆಲವೇ ಇಲ್ಲದಂತೆ ಮಾಡುವುದು. ಗೊರೂರಿನ ಕಟ್ಟೆಯು 1979ರಲ್ಲಿ ಮುಗಿದು ಹೇಮಾವತಿಯು ಹಿಂದಕ್ಕೆ ಹರಡಿದಾಗ ಈ ಊರಿನ ಹಳೆಯ ನಿವೇಶನವು ನೀರಿನ ಪಾಲಾಯಿತು. ನೀರಿಳಿದ ತಿಂಗಳುಗಳಲ್ಲಿ ಮುರಿದ ಇಗರ್ಜಿಯ ಗೋಡೆಗಳ ಸುತ್ತ ದನಗಳು ಮೇಯುವುದನ್ನು ನೋಡಲು ದೂರದೂರಿನವರು ಬರುತ್ತಾರೆ, ಚಿತ್ರ ತೆಗೆಯುತ್ತಾರೆ. ನೀರೇರಿದ ಮೇಲೆ ಆ ದನಗಳಿಗೆ ಮೇವೆಲ್ಲಿ ಎಂದು ಕೇಳಿದವರನ್ನು ನಾನು ಕಾಣೆ. ಇತ್ತ ಚಳ್ಳಕೆರೆಯ ಕಡೆ ಸಾವಿರಾರು ಎಕರೆ ಅಮೃತಮಹಲ್ ಕಾವಲು ಈ ಶತಮಾನದಲ್ಲಿಯೇ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಆ ಕಾರ್ಯಗಳು ದೇಶಕ್ಕೆ ಬೇಡವೆಂದು ನಾನು ಹೇಳುವುದಿಲ್ಲ. ಹುಲ್ಲು ಬೆಳೆದ ನೆಲವೆಲ್ಲ ಬೀಳುನೆಲವೆಂಬ ಕಚೇರಿಯ ಎಣಿಕೆಯನ್ನು ಮಾತ್ರ ಒಪ್ಪಲಾರೆ.

ನೂರು ದನಗಳಿಗೆ ಹನ್ನೆರಡು ಹೆಕ್ಟೇರು, ಎಂದರೆ ಸುಮಾರು ಮೂವತ್ತು ಎಕರೆ ಗೋಮಾಳವನ್ನು ಮೀಸಲಿಡತಕ್ಕದ್ದೆಂದು 1966ರ ಭೂಕಂದಾಯ ನಿಯಮಗಳಲ್ಲಿದೆ. ಉಪಾಧ್ಯಾಯರು ಮೇಲಿನ ತರಗತಿಯ ಹುಡುಗರಿಂದ ಊರಿನ ದನಗಳನ್ನು ಎಣಿಸಲಿ. ಗೋಮಾಳದ ಸರ್ವೆ ನಂಬರುಗಳ ಪಹಣಿಯನ್ನು ತಾಲ್ಲೂಕು ಕಚೇರಿಯಿಂದ ಪಡೆದು ಎರಡನ್ನೂ ಒಟ್ಟಿಗೆ ತನ್ನಿ. ಕಡಿಮೆ ಬಿದ್ದಿದ್ದರೆ ಅರ್ಜಿಯನ್ನು ಬರೆದುಕೊಡುವ ಕೆಲಸ ನನ್ನದು. ಅದಕ್ಕೆ ಫೀಜು ಇಲ್ಲ.