ತೊಟ್ಟಿಲೂ ಮಂಚವೂ

ಮೊಮ್ಮಗಳು ಹುಟ್ಟಿದಾಗ ಮನೆಯಲ್ಲಿದ್ದ ಒಂದೇ ಬಿಡಿಕೋಣೆಯನ್ನು ಅವಳಿಗಾಗಿ ಸಜ್ಜುಗೊಳಿಸಿದೆವು. ಅದುವರೆಗೆ ಅದು ಅತಿಥಿಗಳದು. ಮುಖ್ಯವಾಗಿ, ವರ್ಷಕ್ಕೆರಡು ಬಾರಿ ಬರುವ ನನ್ನ ಅಕ್ಕನದು. ಮಂಚವನ್ನು ಹೊರಗಿಟ್ಟು, ಗೋಡೆಗೆ ತಿಳಿಹಳದಿ ಬಳಿದು, ಕಲಘಟಗಿಯ ಬಣ್ಣದ ತೊಟ್ಟಿಲನ್ನು ತೂಗಹಾಕಿ, ಅದಕ್ಕೆ ಅರಗಿನ ಮೆರುಗಿನ ಚನ್ನಪಟ್ಟಣದ ಗಿಲಕಿ ಕಟ್ಟಿದೆವು. ಸುದ್ದಿ ತಿಳಿದ ಅಕ್ಕ ಬರೆದಳು: “ಇನ್ನು ನಾನು ಬಂದರೆ ಮಗುವಿಗೆ ಇಕ್ಕಟ್ಟಪ್ಪ.” ಆ ಒಂದು ಸಾಲು ಮನಸ್ಸನ್ನು ಕುಟುಕಿತು.

ಬರುವ ತಿಥಿ ಗೊತ್ತಿಲ್ಲದವನೇ ಅತಿಥಿ ಎಂದು ಹಿರಿಯರ ನಿರುಕ್ತಿ. ಹಾಗಾದರೆ ಮಗುವೂ ಅತಿಥಿಯೇ ಅಲ್ಲವೆ? ಒಬ್ಬ ಅತಿಥಿಗಾಗಿ ಇನ್ನೊಬ್ಬರನ್ನು ಹೊರಗಿಡುವುದು ಯಾವ ಸತ್ಕಾರ?

ಮರುದಿನವೇ ಮಂಚ ಒಳಬಂದಿತು. ತೊಟ್ಟಿಲ ಹಗ್ಗ ಮಂಚದವರೆಗೆ ನಿಲುಕುವಂತೆ ಕೊಕ್ಕೆಯ ಜಾಗ ಬದಲಾಯಿಸಿದೆವು. ಈಗ ಅಕ್ಕ ಬಂದಾಗ ಮಲಗಿದಲ್ಲಿಂದಲೇ ತೂಗುತ್ತಾಳೆ. ನಡುರಾತ್ರಿ ಅವಳ ಜೋಗುಳ ಕೇಳಿಬರುತ್ತದೆ. ಅರುವತ್ತು ವರ್ಷಗಳ ಹಿಂದೆ ನನ್ನನ್ನು ತೂಗಿದ ಅದೇ ಧಾಟಿ.