ಕಡಲ ತಡಿಯ ತಪಸ್ಸುಕಾಲ



ಕ್ರೈಸ್ತರ ಉಪವಾಸದ ಋತುವಿಗೆ ನಮ್ಮ ಸೀಮೆಯಲ್ಲಿ ಎರಡು ಹೆಸರುಗಳು ಬಳಕೆಯಲ್ಲಿವೆ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಥೋಲಿಕರು ಮನೆಯೊಳಗೆ ಆಡುವ ಕೊಂಕಣಿಯಲ್ಲಿ ಅದು ‘ಕರೆಜ್ಮ’. ಪೋರ್ತುಗೀಜರ ‘ಕ್ವರೆಸ್ಮ’ ಎಂಬ ಶಬ್ದ ನಮ್ಮ ನಾಲಗೆಯಲ್ಲಿ ಸವೆದು ಈ ರೂಪ ತಾಳಿದೆ. ಅದರ ಲ್ಯಾಟಿನ್ ಮೂಲಕ್ಕೆ ‘ನಲವತ್ತನೆಯದು’ ಎಂದಷ್ಟೇ ಅರ್ಥ. ಕನ್ನಡದಲ್ಲಿ ಪೂಜೆ ನಡೆಯುವ ದೇವಾಲಯಗಳಲ್ಲಿ ಇದೇ ‘ತಪಸ್ಸುಕಾಲ’ವೆನಿಸುತ್ತದೆ. ತಪಸ್ಸೆಂದರೆ ಮೂಲದಲ್ಲಿ ಕಾವು, ಬೇಗೆ. ಫೆಬ್ರವರಿಯಿಂದ ಏಪ್ರಿಲಿನವರೆಗಿನ ನಮ್ಮ ಕರಾವಳಿಯ ಸೆಕೆಯನ್ನು ಉಂಡವರಿಗೆ ಈ ಹೆಸರಿನ ಔಚಿತ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ.

ವಿಭೂತಿ ಬುಧವಾರದಿಂದ ಪಾಸ್ಕ ಹಬ್ಬದ ಹಿಂದಿನ ಶನಿವಾರದವರೆಗೆ ಎಣಿಸಿದರೆ 46 ದಿನಗಳಾಗುತ್ತವೆ. ಭಾನುವಾರ ಪುನರುತ್ಥಾನದ ದಿನವಾದ್ದರಿಂದ ಅಂದು ಉಪವಾಸವಿಲ್ಲ. ಆರು ಭಾನುವಾರಗಳನ್ನು ಕಳೆದರೆ ಉಳಿಯುವುದು ಯೇಸು ಮರುಭೂಮಿಯಲ್ಲಿ ಹಸಿದಿದ್ದ 40 ದಿನಗಳ ಲೆಕ್ಕ. 1917ರ ಧರ್ಮಸಂಹಿತೆಯ ಪ್ರಕಾರ ಈ ನಲವತ್ತೂ ಉಪವಾಸದ ದಿನಗಳೇ ಆಗಿದ್ದವು. 1966ರಲ್ಲಿ ಪೋಪ್ ಆರನೆಯ ಪೌಲರು ನಿಯಮವನ್ನು ಸಡಿಲಿಸಿದರು. ಈಗ ಕಡ್ಡಾಯವಾದ ಉಪವಾಸ ಎರಡೇ ದಿನ: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ ನಿರಾಹಾರವಲ್ಲ, ಒಂದು ಪೂರ್ಣ ಊಟ, ಬೆಳಿಗ್ಗೆ ಸಂಜೆ ಒಂದಿಷ್ಟು ಅಲ್ಪಾಹಾರ. ಶುಕ್ರವಾರಗಳಲ್ಲಿ ಮಾಂಸವರ್ಜನೆ. ಇಷ್ಟೇ. ಏಕಾದಶಿಯ ನಿರ್ಜಲವ್ರತವನ್ನೋ ರಮ್ಜಾನಿನ ಹಗಲನ್ನೋ ಬಲ್ಲವರು ಇದನ್ನು ಕೇಳಿ ನಸುನಗಬಹುದು.

ಆ ನಗುವಿಗೆ ಇನ್ನೂ ಒಂದು ಕಾರಣವನ್ನು ನಾನೇ ಒದಗಿಸುತ್ತೇನೆ. ರೋಮಿನ ವಿಧಿಯಲ್ಲಿ ಮಾಂಸ ನಿಷಿದ್ಧ, ಮೀನು ನಿಷಿದ್ಧವಲ್ಲ. ಮಾಂಸವೇ ಭೋಗದ ಆಹಾರವಾಗಿದ್ದ ನಾಡಿನಲ್ಲಿ ಹುಟ್ಟಿದ ಕಟ್ಟಳೆ ಅದು. ಅಲ್ಲಿ ಮೀನು ತಿನ್ನುವುದೆಂದರೆ ಒಂದು ಮೆಟ್ಟಿಲು ಕೆಳಗಿಳಿದಂತೆ. ಅದೇ ಕಟ್ಟಳೆ ಹಡಗನ್ನೇರಿ ಗಂಗೊಳ್ಳಿಯ ಅಳಿವೆಗೆ ಬಂದಾಗ ಅದರ ಅರ್ಥವೇ ತಿರುಗುಮುರುಗಾಯಿತು. ಅಂಜಲಿನ ಹೋಳು ಕಾದ ಬಾಣಲೆಯಲ್ಲಿ ಚುಯ್ಯೆನ್ನುವ ಮನೆಯಲ್ಲಿ, ಇಂದು ನಮಗೆ ಉಪವಾಸ ಎಂದು ಹೇಳಿದರೆ ನೆರೆಮನೆಯ ಬ್ರಾಹ್ಮಣರು ಮರ್ಯಾದೆಗಾಗಿ ಸುಮ್ಮನಿದ್ದಾರು, ಅಷ್ಟೇ.

ಕನ್ನಡದ ವಿದ್ಯಾರ್ಥಿಯಾದ ನನಗೆ ಇಲ್ಲಿ ಜನ್ನ ನೆನಪಾಗುತ್ತಾನೆ. 1209ರ ‘ಯಶೋಧರ ಚರಿತೆ’ಯಲ್ಲಿ ರಾಜನು ಬಲಿಗೊಡುವುದು ಜೀವವಿರುವ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಮನಸ್ಸಿನಲ್ಲಿ ಕೊಲೆಯ ಸಂಕಲ್ಪವಿದ್ದುದರಿಂದ ಅವನೂ ಅವನ ತಾಯಿಯೂ ಜನ್ಮಜನ್ಮಾಂತರಗಳಲ್ಲಿ ತೊಳಲಬೇಕಾಗುತ್ತದೆ. ಕೈ ಏನು ಮಾಡಿತೆನ್ನುವುದಕ್ಕಿಂತ ಮನಸ್ಸು ಏನನ್ನು ಬಯಸಿತೆಂಬುದು ಆ ಜೈನಕವಿಗೆ ಮುಖ್ಯ. ಅವನ ತಕ್ಕಡಿಯಲ್ಲಿ ನಮ್ಮ ಶುಕ್ರವಾರದ ಊಟವನ್ನು ತೂಗಿದರೆ ಫಲಿತಾಂಶ ಏನಾದೀತು? ಕೋಳಿಸಾರನ್ನು ಬಿಟ್ಟು ಅದರ ಎರಡರಷ್ಟು ರುಚಿಯ ಮೀನನ್ನು ಉಂಡವನು ನಿಯಮವನ್ನು ಪಾಲಿಸಿದ್ದಾನೆ, ನಿಜ. ಆದರೆ ತಪಸ್ಸು ಮಾಡಿದನೆನ್ನಲು ಜನ್ನನಂತೂ ಒಪ್ಪಲಾರ.

ಬ್ರಹ್ಮಾವರದಲ್ಲಿ ಇದಕ್ಕೊಂದು ಹೋಲಿಕೆ ಕಣ್ಣೆದುರಿಗೇ ಇದೆ. 19ನೆಯ ಶತಮಾನದ ಕೊನೆಯಲ್ಲಿ ಪಾದ್ರಿ ಅಲ್ವಾರಿಸರ ಮುಂದಾಳುತನದಲ್ಲಿ ರೋಮಿನಿಂದ ಬೇರೆಯಾಗಿ ಸುರಿಯಾನಿ ಆರ್ಥೊಡಾಕ್ಸ್ ಸಭೆಯನ್ನು ಸೇರಿದ ಕೊಂಕಣಿ ಮನೆತನಗಳು ಅಲ್ಲಿವೆ. ಆ ಸಭೆಯ ಮಹೋಪವಾಸದ ವಿಧಿಯಲ್ಲಿ ಮೀನಿಗೂ ಎಡೆಯಿಲ್ಲ. ಒಂದೇ ಭಾಷೆ, ಒಂದೇ ಅಡುಗೆ, ಒಂದೇ ಸುವಾರ್ತೆ, ಆದರೆ ಮೀನಿನ ಬುಟ್ಟಿಯ ಮುಂದೆ ಎರಡು ಶಾಸ್ತ್ರ.

ನಮ್ಮ ಹಿರಿಯರು ಈ ತೊಡಕನ್ನು ಶಾಸ್ತ್ರಚರ್ಚೆಯಿಲ್ಲದೆ ಬಿಡಿಸಿದರು. ಅಕ್ಷರ ಬಲ್ಲವರು ಕೆಲವೇ ಮಂದಿಯಿದ್ದ ಕಾಲದಲ್ಲಿ ಗೃಹಿಣಿಯರೇ ಧರ್ಮಶಾಸ್ತ್ರಿಗಳು. ಕರೆಜ್ಮದ ಶುಕ್ರವಾರ ಎಷ್ಟೋ ಮನೆಗಳಲ್ಲಿ ಮೀನೂ ಇಲ್ಲ; ಕುಚ್ಚಲಕ್ಕಿಯ ಗಂಜಿ, ಹುರುಳಿಯ ಚಟ್ನಿ, ಭರಣಿಯ ತಳದ ಮಿಡಿ ಉಪ್ಪಿನಕಾಯಿ. ಮೀನು ಮಾರುವ ಹೆಂಗಸಿಗೆ ಇದು ಕ್ಯಾಲೆಂಡರಿಲ್ಲದೆ ತಿಳಿದಿರುತ್ತಿತ್ತು. ಆ ದಿನ ಅವಳು ಕ್ರೈಸ್ತರ ಅಂಗಳದಲ್ಲಿ ಬುಟ್ಟಿ ಇಳಿಸದೆ, ಹಬ್ಬ ಯಾವಾಗ ಎಂದು ಕೇಳಿ ಮುಂದೆ ಹೋಗುವಳು. ಕೆಲವರು ಹೊಗೆಸೊಪ್ಪನ್ನು ಬಿಡುವರು, ಕೆಲವರು ಶೇಂದಿಯನ್ನು. ನಲವತ್ತು ದಿನ ಶೇಂದಿ ಬಿಟ್ಟ ಗಂಡನಿರುವ ಮನೆಯ ಶಾಂತಿಯನ್ನು ಯಾವ ಧರ್ಮಸಂಹಿತೆಯೂ ಬರೆದಿಟ್ಟಿಲ್ಲ.

ವಿಭೂತಿ ಬುಧವಾರದ ಒಂದು ವಿರೋಧಾಭಾಸವನ್ನೂ ಹೇಳಬೇಕು. ಹಿಂದಿನ ವರ್ಷ ಗರಿಗಳ ಭಾನುವಾರದಂದು ಹರಸಿಕೊಂಡ ಗರಿಗಳನ್ನು, ನಮ್ಮಲ್ಲಾದರೆ ತೆಂಗಿನ ಎಳೆಗರಿಗಳನ್ನು, ಸುಟ್ಟು ಆ ಬೂದಿಯನ್ನು ಹಣೆಗೆ ಹಚ್ಚುತ್ತಾರೆ. ಅದೇ ದಿನ ಓದುವ ಸುವಾರ್ತೆ ಮತ್ತಾಯನ ಆರನೆಯ ಅಧ್ಯಾಯದ್ದು: ಉಪವಾಸ ಮಾಡುವಾಗ ಮುಖ ತೊಳೆದುಕೊಳ್ಳಿ, ಜನರಿಗೆ ತೋರಿಸಬೇಡಿ ಎಂಬ ಬೋಧೆ. ಅದನ್ನು ಕೇಳಿ, ಬಳಿಕ ಬೂದಿ ಬಳಿದುಕೊಂಡು ಬಸ್ ನಿಲ್ದಾಣಕ್ಕೆ ಬರುತ್ತೇವೆ! ಆದರೆ ಈ ನೆಲದಲ್ಲಿ ಹಣೆಯ ಮೇಲಿನ ಭಸ್ಮ ಯಾರನ್ನೂ ಬೆರಗುಗೊಳಿಸುವುದಿಲ್ಲ. 2025ರಲ್ಲಿ ಫೆಬ್ರವರಿ 26ಕ್ಕೆ ಶಿವರಾತ್ರಿ, ಮಾರ್ಚ್ 2ಕ್ಕೆ ರಮ್ಜಾನಿನ ಮೊದಲ ಉಪವಾಸ, ಮಾರ್ಚ್ 5ಕ್ಕೆ ವಿಭೂತಿ ಬುಧವಾರ. ಎಂಟೇ ದಿನಗಳೊಳಗೆ ಕುಂದಾಪುರದ ಪೇಟೆ ಮೂರು ಬಗೆಯ ಹಸಿವನ್ನು ಕಂಡಿತು.

ಈ ಋತು ಯಕ್ಷಗಾನ ಮೇಳಗಳ ತಿರುಗಾಟದ ಕಾಲವೂ ಹೌದು. ಕರೆಜ್ಮದಲ್ಲಿ ಮದುವೆ ಮನರಂಜನೆಗಳನ್ನು ದೂರವಿಡುವ ಮನೆಗಳಿಗೆ ಗದ್ದೆಯಾಚೆಯ ಚೆಂಡೆ ಕೇಳುತ್ತಲೇ ಇರುತ್ತದೆ. ಇತ್ತ ಮನೆಯೊಳಗೆ ಪಾಡಿನ ಹಾಡುಗಳು. ಯೇಸು ಒಲಿವ್ ತೋಟವನ್ನು ಹೊಕ್ಕ ಇರುಳನ್ನು ಹಾಡುವ ಹಳೆಯ ಕೊಂಕಣಿ ಗೀತೆಯೊಂದನ್ನು ಗೋವೆಯ ಪಾದ್ರಿ ಜೋಕಿಂ ದೆ ಮಿರಾಂದರು ಟಿಪ್ಪುವಿನ ಸೆರೆಯಲ್ಲಿದ್ದಾಗ ರಚಿಸಿದರೆಂದು ಪ್ರಸಿದ್ಧಿ. ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದು 1784ರ ಫೆಬ್ರವರಿಯ ವಿಭೂತಿ ಬುಧವಾರದಂದು ಎಂಬುದು ಸಮುದಾಯದ ನೆನಪು. ಬದುಕುಳಿದವರಿಗೆ ಬಿಡುಗಡೆಯಾದದ್ದು 1799ರಲ್ಲಿ. ಊಟವನ್ನು ಬಿಡುವುದು ಬೇರೆ, ಊಟ ಸಿಗದಿರುವುದು ಬೇರೆ. ಈ ಹಾಡನ್ನು ಹಾಡುವಾಗ ಮುದುಕಿಯರ ದನಿ ತಗ್ಗುವುದು ಆ ಎರಡನೆಯ ಹಸಿವಿನ ನೆನಪಿಗೆ ಎಂದು ನನ್ನ ಊಹೆ.

ಬಿಟ್ಟ ಊಟದ ಬೆಲೆ ಹಸಿದವನಿಗೆ ಸೇರಬೇಕೆಂಬುದು ಪ್ರವಾದಿ ಯೆಶಾಯನ ಕಾಲದಿಂದ ಬಂದ ಮಾತು. ಗಂಜಿಯುಂಡ ಮನೆಯಲ್ಲಿ ಉಳಿದ ಮೀನಿನ ದುಡ್ಡು ಕಾಣಿಕೆಯ ಡಬ್ಬಿಗೆ ಬೀಳದಿದ್ದರೆ ಅದು ಬರಿಯ ಉಳಿತಾಯ.

ಇನ್ನು ನನ್ನಂಥವರ ವಿಷಯ. 18 ತುಂಬಿದಲ್ಲಿಂದ 59 ಮುಗಿಯುವವರೆಗೆ ಮಾತ್ರ ಉಪವಾಸ ಕಡ್ಡಾಯವೆಂದು 1983ರ ಧರ್ಮಸಂಹಿತೆ ಹೇಳುತ್ತದೆ. ಆ ಲೆಕ್ಕದಲ್ಲಿ ನಾನು ಕಾಲೇಜಿನಿಂದ ನಿವೃತ್ತನಾದಂತೆಯೇ ಹಸಿವಿನಿಂದಲೂ ನಿವೃತ್ತ. ಮಾಂಸವರ್ಜನೆಗೆ ಮಾತ್ರ 14ರಿಂದ ಆರಂಭವಿದೆ, ನಿವೃತ್ತಿಯಿಲ್ಲ. ಮೀನಿನ ವಿಚಾರದಲ್ಲಿ ಸಂಹಿತೆ ಈಗಲೂ ಮೌನವಾಗಿದೆ. ನಮ್ಮ ಮನೆಯಲ್ಲಿ ಶುಕ್ರವಾರ ಗಂಜಿ.