ದುಡಿಯುವ ಕೈಕಾಲಿನ ಉಗುರಿಗೂ ಆರೈಕೆ ಬೇಕು



ಮುಂಗಾರು ಕಾಲಿಡುವ ಹೊತ್ತಿಗೆ ಸರಿಯಾಗಿ ಕೈಕಾಲು ಮತ್ತು ಉಗುರಿನ ಆರೈಕೆಯ ಈ ಪ್ರದರ್ಶನ ಏರ್ಪಡಿಸಿದ್ದೀರಿ. ಇನ್ನು ಸಸಿಮಡಿ, ನಾಟಿ, ಕಳೆ ಅಂತ ಗದ್ದೆಯಿಂದ ಕಾಲು ತೆಗೆಯಲು ಪುರುಸೊತ್ತಿರುವುದಿಲ್ಲ. ಈ ಮಾತುಗಳನ್ನು ಆಡಲು ಇದೇ ತಕ್ಕ ಸಮಯ.

ರೋಗಿಗಳ ಆರೈಕೆ ಶಿಕಾರಿಪುರ, ಸೊರಬದ ಈ ನೆಲಕ್ಕೆ ಹೊಸದಲ್ಲ. ಬಳ್ಳಿಗಾವಿಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನ, ಅದು ವಿದ್ಯೆಯ ನೆಲೆ ಎನ್ನುವುದರ ಜೊತೆಗೇ ದಿಕ್ಕಿಲ್ಲದ ರೋಗಿಗಳಿಗೆ ಔಷಧಿ ಕೊಡುವ ಜಾಗ ಎಂದೂ ಹೇಳುತ್ತದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾದ ಮೇಲೆ, ಆ ಕಾಡಿನ ಹೆಸರೇ ಜಗತ್ತಿನ ವೈದ್ಯ ಪುಸ್ತಕಗಳನ್ನು ಸೇರಿತು. ಜೀವಕ್ಕೆ ಎರವಾಗುವ ಕಾಯಿಲೆ ಎಂದರೆ ಊರೆಲ್ಲ ಎಚ್ಚರವಾಗುತ್ತದೆ. ಜೀವ ತೆಗೆಯದೆ ವರ್ಷಗಟ್ಟಲೆ ಕಾಡುವ ಕಾಯಿಲೆಯನ್ನು ಮಾತ್ರ ನಾವು ಸೆರಗಿನಲ್ಲಿ, ಕಾಲುಚೀಲದಲ್ಲಿ ಮುಚ್ಚಿಡುತ್ತೇವೆ. ಉಗುರಿಗೆ ಹತ್ತುವ ಶಿಲೀಂಧ್ರದ ಸೋಂಕು ಅಂಥದ್ದು. ಅದನ್ನು ಮುಚ್ಚಿಡಬೇಡಿ, ಪರೀಕ್ಷೆ ಮಾಡಿಸಿ, ಔಷಧಿಯನ್ನು ಪೂರ್ತಿ ಮುಗಿಸಿ. ಚರ್ಮರೋಗ ವೈದ್ಯನಾಗಿ ನಾನಿಲ್ಲಿ ಹೇಳಬೇಕಾದದ್ದು ಇಷ್ಟೇ. ಉಳಿದ ಮಾತೆಲ್ಲ ಇದರ ವಿವರಣೆ.

ಈ ಸೋಂಕು ಹೆಚ್ಚಾಗಿ ಕಾಲಿನ ಹೆಬ್ಬೆರಳಿನಿಂದ ಶುರುವಾಗುತ್ತದೆ. ಉಗುರಿನ ತುದಿಯಲ್ಲೋ ಪಕ್ಕದಲ್ಲೋ ಬಿಳಿ ಅಥವಾ ಹಳದಿ ಮಚ್ಚೆ ಕಾಣಿಸಿ, ನಿಧಾನವಾಗಿ ಬುಡದ ಕಡೆ ಸರಿಯುತ್ತದೆ. ಉಗುರು ದಪ್ಪವಾಗುತ್ತದೆ, ಅಂಚು ಪುಡಿಪುಡಿಯಾಗಿ ಉದುರುತ್ತದೆ, ಅಡಿಯಲ್ಲಿ ಹೊಟ್ಟಿನಂಥ ಪದಾರ್ಥ ತುಂಬಿ ಉಗುರು ಮೇಲೇಳುತ್ತದೆ. ಉಗುರಿನಲ್ಲಿರುವ ಕೆರಟಿನ್ ತಿಂದು ಬದುಕುವ ಟ್ರೈಕೋಫೈಟನ್ ರೂಬ್ರಮ್ ಎಂಬ ಶಿಲೀಂಧ್ರವೇ ಬಹಳಷ್ಟು ಸಲ ಇದಕ್ಕೆ ಕಾರಣ. ಅನೇಕರಲ್ಲಿ ಅದು ಮೊದಲು ಬೆರಳ ಸಂದಿಯಲ್ಲಿ ಮನೆ ಮಾಡಿ, ಆಮೇಲೆ ಉಗುರಿಗೆ ದಾಟುತ್ತದೆ. ಸದಾ ನೀರಿನಲ್ಲಿರುವ ಕೈಗಳಿಗೆ ಹತ್ತುವುದು ಕ್ಯಾಂಡಿಡಾ ಎಂಬ ಇನ್ನೊಂದು ಶಿಲೀಂಧ್ರ. ಪಾತ್ರೆ ತೊಳೆಯುವವರು, ಕೊಟ್ಟಿಗೆ ಕೆಲಸದವರಲ್ಲಿ ಉಗುರಿನ ಬುಡ ಊದಿಕೊಂಡು ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಎರಡೇ ದಿನದಲ್ಲಿ ಕೀವು ತುಂಬಿ ಮಿಡಿಯುವ ಉಗುರುಸುತ್ತು ಬೇರೆ, ಅದು ಸಾಮಾನ್ಯವಾಗಿ ಬ್ಯಾಕ್ಟೀರಿಯಾದಿಂದ ಬರುವಂಥದ್ದು. ಅದಕ್ಕೆ ಚಿಕಿತ್ಸೆಯೂ ಬೇರೆ.

ಆದರೆ ಕೆಟ್ಟ ಉಗುರೆಲ್ಲ ಶಿಲೀಂಧ್ರದ್ದಲ್ಲ. ರೂಪ ಕೆಟ್ಟ ಉಗುರುಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಾತ್ರ ಈ ಸೋಂಕಿನವು. ಸೋರಿಯಾಸಿಸ್ ಇರಬಹುದು, ಎಡವಿದ ಪೆಟ್ಟು ಇರಬಹುದು, ಬಿಗಿಯಾದ ಬೂಟಿನ ಒತ್ತಡ ಇರಬಹುದು. ಅಡಿಕೆ ಸುಲಿಯುವವರ ಉಗುರು ಚೊಗರಿನಿಂದ ಕಪ್ಪಾಗುತ್ತದೆ. ಅದು ಬರೀ ಬಣ್ಣ, ಉಗುರು ಬೆಳೆದಂತೆ ಹೋಗುತ್ತದೆ. ಆಷಾಢದಲ್ಲಿ ಹಚ್ಚುವ ಗೋರಂಟಿಯ ಕೆಂಪು ರೋಗದ ಗುರುತನ್ನು ಮರೆಮಾಡುತ್ತದೆ. ಅನುಮಾನವಿರುವ ಉಗುರಿಗೆ ಗೋರಂಟಿ ಹಚ್ಚದೆ ವೈದ್ಯರಿಗೆ ತೋರಿಸಿ. ಒಂದೇ ಉಗುರಿನಲ್ಲಿ ಕಪ್ಪು ಗೆರೆ ಮೂಡಿ ಅಗಲವಾಗುತ್ತಿದ್ದರೆ ಅದು ಕ್ಯಾನ್ಸರ್ ಕೂಡ ಆಗಿರಬಹುದು, ತಡಮಾಡಬೇಡಿ. ಉಗುರಿನ ಚೂರು, ಅಡಿಯ ಪುಡಿ ತೆಗೆದು ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಕಾಣುತ್ತವೆ. ನೋವಿಲ್ಲದ, ಸುಲಭದ ಪರೀಕ್ಷೆ ಇದು. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಅಗತ್ಯ ಬಿದ್ದರೆ ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆ ಇದೆ.

ಚಿಕಿತ್ಸೆ ಇದೆ, ಆದರೆ ತಾಳ್ಮೆ ಬೇಕು. ಟರ್ಬಿನಾಫಿನ್ 250 ಮಿಲಿಗ್ರಾಂ ಮಾತ್ರೆಯನ್ನು ದೊಡ್ಡವರಿಗೆ ದಿನಕ್ಕೊಂದರಂತೆ ಕೈಯುಗುರಿಗೆ 6 ವಾರ, ಕಾಲುಗುರಿಗೆ 12 ವಾರ ಕೊಡುವುದು ರೂಢಿ. ಕೆಲವರಿಗೆ ಇಟ್ರಾಕೊನಜೋಲ್ ಸರಿಹೊಂದುತ್ತದೆ. ಯಾವುದು, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು. ಈ ಮಾತ್ರೆಗಳು ಯಕೃತ್ತಿನ ಮೇಲೆ ಪರಿಣಾಮ ಮಾಡಬಹುದು, ಬೇರೆ ಔಷಧಿಗಳ ಜೊತೆ ಹೊಂದದೆಯೂ ಇರಬಹುದು. ಬಸುರಿಯರು, ಬಾಣಂತಿಯರು ಅದನ್ನು ಮೊದಲೇ ತಿಳಿಸಬೇಕು. ಸೋಂಕು ತುದಿಯಲ್ಲಷ್ಟೇ ಇದ್ದರೆ ಉಗುರಿಗೆ ಬಳಿಯುವ ಔಷಧಿಯೂ ಇದೆ, ಅದನ್ನು ತಿಂಗಳುಗಟ್ಟಲೆ ಬಿಡದೆ ಹಚ್ಚಬೇಕು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಕಾಲುಗುರು ಅದರ ಅರ್ಧದಷ್ಟೂ ಬೆಳೆಯುವುದಿಲ್ಲ. ಹೆಬ್ಬೆರಳಿಗೆ ಹೊಸ ಉಗುರು ಪೂರ್ತಿ ಬರಲು 12ರಿಂದ 18 ತಿಂಗಳು ಬೇಕು. ಮಾತ್ರೆ ಮುಗಿದರೂ ಉಗುರು ಹಾಗೇ ಇದೆ ಎಂದು ನಿರಾಶರಾಗಬೇಡಿ. ಬುಡದಿಂದ ಚೊಕ್ಕ ಉಗುರು ಬರುತ್ತಿದೆಯೇ ಎಂದು ನೋಡಿ.

ಅಂಗಡಿಯಲ್ಲಿ ಕೇಳಿ ತರುವ ಮಿಶ್ರಣದ ಮುಲಾಮುಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಅನೇಕದರಲ್ಲಿ ಸ್ಟೀರಾಯ್ಡ್ ಇರುತ್ತದೆ. ತುರಿಕೆ ಎರಡು ದಿನ ನಿಲ್ಲುತ್ತದೆ, ಆದರೆ ಹುಳಕಡ್ಡಿ, ಅಂದರೆ ಚರ್ಮದ ಶಿಲೀಂಧ್ರ ಸೋಂಕು, ಒಳಗೊಳಗೇ ಹರಡುತ್ತದೆ, ಉಗುರಿಗೂ ಹತ್ತುತ್ತದೆ. ಇಂದು ದೇಶದಲ್ಲಿ ಹುಳಕಡ್ಡಿ ಮೊದಲಿನ ಔಷಧಿಗೆ ಬಗ್ಗದಿರುವುದಕ್ಕೆ ಈ ದುರ್ಬಳಕೆ ಒಂದು ದೊಡ್ಡ ಕಾರಣ. ಚೀಟಿಯಿಲ್ಲದೆ ಅವನ್ನು ಕೊಡಬೇಡಿ ಎಂದು ಇಲ್ಲಿರುವ ಔಷಧಿ ಅಂಗಡಿಯವರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ಸಕ್ಕರೆ ಕಾಯಿಲೆ ಇರುವವರು ಇದನ್ನು ಸಣ್ಣದೆಂದು ಎಣಿಸಲೇಬಾರದು. ದಪ್ಪನಾದ ಉಗುರು ಪಕ್ಕದ ಚರ್ಮವನ್ನು ಒತ್ತಿ ಗಾಯ ಮಾಡುತ್ತದೆ, ಸ್ಪರ್ಶ ಕಡಿಮೆಯಾದ ಕಾಲಿಗೆ ಅದು ಗೊತ್ತೇ ಆಗುವುದಿಲ್ಲ. ಬೆರಳ ಸಂದಿಯ ಬಿರುಕಿನಿಂದ ಬೇರೆ ಸೋಂಕು ಒಳನುಗ್ಗಿ ಕಾಲನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಹುದು. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ, ಮಕ್ಕಳೆ, ದಿನಾ ರಾತ್ರಿ ಅವರ ಪಾದ ನೋಡುವ ಕೆಲಸ ನಿಮ್ಮದಾಗಲಿ.

ಅಡಿಕೆ ಬೆಳೆಗಾರರಿಗೆ ಕೊಳೆರೋಗದ ಪಾಠ ಚೆನ್ನಾಗಿ ಗೊತ್ತು. ಕಾಯಿ ಉದುರಲು ಶುರುವಾಗುವವರೆಗೆ ಕಾಯದೆ, ಮಳೆ ಜೋರಾಗುವ ಮೊದಲೇ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯುತ್ತೀರಿ. ಆ ಮುಂಜಾಗ್ರತೆ ನಿಮ್ಮ ಪಾದಕ್ಕೂ ಇರಲಿ. ಗದ್ದೆಯಿಂದ ಬಂದ ಕೂಡಲೇ ಕಾಲು ತೊಳೆದು ಬೆರಳ ಸಂದಿಗಳನ್ನು ಒಣಬಟ್ಟೆಯಿಂದ ಒರೆಸಿ. ಗಮ್‌ಬೂಟಿನೊಳಗೆ ಹತ್ತಿಯ ಕಾಲುಚೀಲ ಹಾಕಿ, ಅದನ್ನು ದಿನಾ ಬದಲಿಸಿ, ಬೂಟನ್ನು ಬೋರಲು ಹಾಕಿ ಒಣಗಿಸಿ. ಬೆರಳ ಸಂದಿಯಲ್ಲಿ ಕೆಸರುಹುಣ್ಣು ಕಂಡರೆ ಆಗಲೇ ಔಷಧಿ ಮಾಡಿ, ಉಗುರಿಗೆ ದಾಟುವ ದಾರಿ ಮುಚ್ಚುತ್ತದೆ. ಉಗುರನ್ನು ನೇರವಾಗಿ ಕತ್ತರಿಸಿ. ಒಂದೇ ಕಟರ್, ಒಂದೇ ಟವೆಲ್ ಮನೆಮಂದಿಗೆಲ್ಲ ಬೇಡ. ಒಬ್ಬರಿಗೆ ಹುಳಕಡ್ಡಿ ಇದ್ದರೆ ಮನೆಯವರೆಲ್ಲರೂ ತೋರಿಸಿಕೊಳ್ಳಿ.

ಆಶಾ ಸಹೋದರಿಯರೆ, ಮನೆಮನೆಗೆ ಹೋದಾಗ ಜ್ವರ, ಬಿಪಿ ಕೇಳುವಂತೆ ಕೈಕಾಲಿನ ಉಗುರನ್ನೂ ಒಮ್ಮೆ ನೋಡಿ. ಎಷ್ಟೋ ತಾಯಂದಿರು ಕೇಳದೆ ಹೇಳುವುದಿಲ್ಲ. ನಾಟಿ ಮಾಡಿ ನಾಡಿಗೆ ಅನ್ನ ಕೊಡುವವರು ತಮ್ಮ ಪಾದ ತೋರಿಸಲು ನಾಚಿಕೊಳ್ಳುವ ಪರಿಸ್ಥಿತಿ ಹೋಗಬೇಕು. ಇಲ್ಲಿ ಉಗುರು ಪರೀಕ್ಷಿಸುವ ವೈದ್ಯರು ಕೂತಿದ್ದಾರೆ. ಮಳಿಗೆ ನೋಡುವ ಮೊದಲು ಅವರ ಬಳಿ ಹೋಗಿ, ನಿಮ್ಮ ಹಿಂದೆ ನಾಚಿ ನಿಂತವರನ್ನೂ ಕರೆದುಕೊಂಡು ಹೋಗಿ. ಈ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ.